ದೇವರಾಜ ಅರಸು ಮತ್ತು ನಮ್ಮ ಪಹಣಿ

(ಜೂನ್ 6ರ ಸಂಜೆ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)





ಹೊರಗೆ ಮಳೆ ಹಿಡಿದಿದೆ. ಹಗಲೆಲ್ಲ ಗದ್ದೆ ಕೆಲಸ. ಸಂಜೆ ಕೊಟ್ಟಿಗೆ ಕೆಲಸ. ಅದನ್ನೆಲ್ಲ ಮುಗಿಸಿ, ಕೊಡೆ ಹಿಡಿದು ಬಂದಿದ್ದೀರಿ. ತುಂಬಾ ಸಂತೋಷ. ಇವತ್ತು ಪಾಠದ ಪುಸ್ತಕ ಸ್ವಲ್ಪ ಹೊತ್ತು ಮುಚ್ಚಿಡೋಣ. ಒಬ್ಬ ನಾಯಕರ ಬಗ್ಗೆ ಮಾತಾಡೋಣ.

ಇವತ್ತು ಜೂನ್ 6. 1982ರಲ್ಲಿ ಇದೇ ದಿನ ದೇವರಾಜ ಅರಸು ತೀರಿಕೊಂಡರು.

ಬೆಳಿಗ್ಗೆ ಶಾಲೆಯಲ್ಲಿ ಬೋರ್ಡಿನ ಮೇಲೆ ಅವರ ಹೆಸರು ಬರೆದೆ. ಐದನೇ ತರಗತಿಯ ಹುಡುಗಿ ಎದ್ದು ನಿಂತು ಕೇಳಿದಳು. "ಟೀಚರ್, ಇವರು ಯಾವ ಊರಿನ ರಾಜ?" ಮಕ್ಕಳೆಲ್ಲ ನಕ್ಕರು. ನಾನು ನಗಲಿಲ್ಲ. ಅರಸು ಅಂದರೆ ರಾಜ ಅಂತಲೇ ಅರ್ಥ. ಅವಳ ಪ್ರಶ್ನೆ ಸರಿಯಾಗೇ ಇತ್ತು. "ಅವರು ರಾಜ ಅಲ್ಲಮ್ಮ, ಮುಖ್ಯಮಂತ್ರಿ. ನಾವು ಓಟು ಹಾಕಿ ಆರಿಸಿದವರು" ಅಂತ ಹೇಳಿದೆ.

ಹೋದ ವಾರ ಇಲ್ಲಿಯೂ ಒಂದು ಪ್ರಶ್ನೆ ಕೇಳಿದ್ದೆ. "ಅರಸು ತೀರಿಕೊಂಡ ದಿನ ನಿಮ್ಮಲ್ಲಿ ಯಾರಿಗಾದರೂ ನೆನಪಿದೆಯಾ?" ಅಂತ. ಇಬ್ಬರು ಹಿರಿಯರು ಉತ್ತರ ಹೇಳಿದರು. ಒಬ್ಬರ ಉತ್ತರ ಒಂದು ತರ, ಇನ್ನೊಬ್ಬರದು ಇನ್ನೊಂದು ತರ. ಅವತ್ತು ಬಾರದೇ ಇದ್ದವರಿಗಾಗಿ, ಅವರಿಬ್ಬರ ಒಪ್ಪಿಗೆ ಪಡೆದು ಮತ್ತೆ ಹೇಳುತ್ತೇನೆ.

ಮೊದಲನೆಯವರು ಹೇಳಿದರು: "ಸುದ್ದಿ ರೇಡಿಯೋದಲ್ಲಿ ಬಂತು. ನಮ್ಮತ್ತೆ ಒಲೆ ಹಚ್ಚಲಿಲ್ಲ. ಮನೆ ಹಿರೀಕ ಹೋದಂಗಾಯ್ತು ಅಂತ ಕೂತುಬಿಟ್ರು. ಅವತ್ತು ನಮ್ಮನೇಲಿ ಅನ್ನ ಬೇಯಲಿಲ್ಲ."

ಎರಡನೆಯವರು ಹೇಳಿದರು: "ನಮ್ಮನೇಲಿ ಒಲೆ ಹಚ್ಚಿದ್ವಿ. ಅರಸು ನಮಗೇನು ಕೊಟ್ರು?"

ಇಬ್ಬರೂ ಒಂದೇ ಊರಿನವರು. ಇಬ್ಬರ ಮನೆಯವರೂ ಗೇಣಿ ಒಕ್ಕಲು. ಹಾಗಿದ್ದರೂ ಒಂದು ಮನೆಯಲ್ಲಿ ದುಃಖ, ಇನ್ನೊಂದು ಮನೆಯಲ್ಲಿ ಸಿಟ್ಟು. ಯಾಕೆ ಹೀಗಾಯಿತು? ಇವತ್ತಿನ ಮಾತು ಅದರ ಬಗ್ಗೆಯೇ.

ಗೇಣಿಯ ಕಾಲ

ಗೇಣಿ ಅಂದರೆ ಏನು ಅಂತ ಹಿರಿಯರಿಗೆ ಗೊತ್ತು. ಕಿರಿಯರಿಗಾಗಿ ಹೇಳುತ್ತೇನೆ. ಗದ್ದೆ ಒಡೆಯರದು. ದುಡಿಮೆ ಒಕ್ಕಲಿನದು. ಬೆಳೆದ ಭತ್ತದಲ್ಲಿ ದೊಡ್ಡ ಪಾಲನ್ನು ಒಡೆಯರ ಮನೆಗೆ ಅಳೆಯಬೇಕು. ಒಡೆಯರಿಗೆ ಸಿಟ್ಟು ಬಂದರೆ ಮುಂದಿನ ವರ್ಷ ಗದ್ದೆ ಇಲ್ಲ. ಅಜ್ಜ ಉತ್ತ ಗದ್ದೆ, ಅಪ್ಪ ಉತ್ತ ಗದ್ದೆ. ಆದರೂ ಅದು ನಮ್ಮದು ಅಂತ ಹೇಳಲು ಕೈಯಲ್ಲಿ ಒಂದು ಚೂರು ಕಾಗದವೂ ಇರಲಿಲ್ಲ.

ನಮ್ಮ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ರೈತರು ಸತ್ಯಾಗ್ರಹ ಮಾಡಿದರು. ಗೇಣಿ ಅಳೆಯುವ ಕೊಳಗದ ವಿಷಯದಲ್ಲಿ ತಕರಾರು ಎದ್ದಿತ್ತು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡ ಮುಂತಾದವರು ಮುಂದೆ ನಿಂತರು. ಉತ್ತರ ದೇಶದಿಂದ ರಾಮಮನೋಹರ ಲೋಹಿಯಾ ಬಂದರು. ಅವರನ್ನೂ ಬಂಧಿಸಿದರು. ಎಷ್ಟೋ ಒಕ್ಕಲು ಮನೆಯವರು ಜೈಲಿಗೆ ಹೋದರು. ಉತ್ತವನಿಗೆ ಭೂಮಿ ಸಿಗಬೇಕು ಎಂಬ ಮಾತು ಅರಸು ಅವರ ಬಾಯಲ್ಲಿ ಮೊದಲು ಹುಟ್ಟಿದ್ದಲ್ಲ. ನಮ್ಮ ಹಿರಿಯರು ಅದಕ್ಕಾಗಿ ಮೊದಲೇ ಏಟು ತಿಂದಿದ್ದರು. ಇದನ್ನು ನಾವು ಮರೆಯಬಾರದು.

1961ರಲ್ಲೇ ಭೂಸುಧಾರಣೆಯ ಕಾನೂನು ಆಯಿತು. ಆದರೆ ಅದರಲ್ಲಿ ತೂತುಗಳು ಬಹಳ. ನೀರು ನಿಲ್ಲಲಿಲ್ಲ.

ಅರಸು ಯಾರು?

ದೇವರಾಜ ಅರಸು ಹುಟ್ಟಿದ್ದು 1915ರ ಆಗಸ್ಟ್ 20ರಂದು. ಊರು ಮೈಸೂರು ಜಿಲ್ಲೆ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ. ಬೆಂಗಳೂರಿನಲ್ಲಿ ಕಾಲೇಜು ಓದಿದರು. ಆಮೇಲೆ ಊರಿಗೆ ಬಂದು ಬೇಸಾಯ ಮಾಡಿದರು. ಅವರ ಜಾತಿಯ ಜನ ರಾಜ್ಯದಲ್ಲಿ ಬಹಳ ಕಡಿಮೆ. ಅದರ ಬಲದಿಂದ ಯಾರೂ ಮುಖ್ಯಮಂತ್ರಿ ಆಗಲಾರರು. ಅವರು ಹಿಂದುಳಿದವರನ್ನು, ದಲಿತರನ್ನು, ಅಲ್ಪಸಂಖ್ಯಾತರನ್ನು ಜೊತೆಗೆ ಕಟ್ಟಿಕೊಂಡರು. 1972ರಲ್ಲಿ ಮುಖ್ಯಮಂತ್ರಿ ಆದರು. ನಡುವೆ ಎರಡು ತಿಂಗಳು ಬಿಟ್ಟರೆ 1980ರ ಜನವರಿವರೆಗೆ ಅವರೇ ಇದ್ದರು. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು ಅವರ ಕಾಲದಲ್ಲೇ. ಅದು 1973ರ ನವೆಂಬರ್ 1.

ಬಡವರ ಸಾಲದ ಬಗ್ಗೆ 1976ರಲ್ಲಿ ಒಂದು ಕಾನೂನು ಆಯಿತು. ಅಡವಿಟ್ಟ ಒಡವೆ, ಪಾತ್ರೆಗಳನ್ನು ಸಾಲ ಕೊಟ್ಟವರು ಬಡವರಿಗೆ ಹಿಂದಿರುಗಿಸಬೇಕು ಎಂದು ಅದು ಹೇಳಿತು. ಹಿಂದುಳಿದವರ ಸ್ಥಿತಿ ತಿಳಿಯಲು ಎಲ್.ಜಿ. ಹಾವನೂರರ ಆಯೋಗ ನೇಮಿಸಿದರು. ಅದು 1975ರಲ್ಲಿ ವರದಿ ಕೊಟ್ಟಿತು. ಅದರಿಂದ ಎಷ್ಟೋ ಮನೆಗಳ ಮಕ್ಕಳು ಮೊದಲ ಸಲ ಕಾಲೇಜು ಕಂಡರು, ನೌಕರಿ ಕಂಡರು.

ಆದರೆ ಹಳ್ಳಿಯಲ್ಲಿ ಅರಸು ಹೆಸರು ಉಳಿದದ್ದು ಭೂಮಿಯಿಂದ.

ಏಳನೇ ನಂಬರ್ ಫಾರಂ

1974ರ ಮಾರ್ಚ್ 1ರಂದು ಹೊಸ ಭೂಸುಧಾರಣಾ ಕಾನೂನು ಜಾರಿಗೆ ಬಂತು. "ಉಳುವವನೇ ಹೊಲದೊಡೆಯ" ಅಂತ ಎಲ್ಲರ ಬಾಯಲ್ಲೂ ಆಯಿತು. ಕಾನೂನು ಏನು ಹೇಳಿತು? ಗೇಣಿಗೆ ಕೊಟ್ಟ ಭೂಮಿಯೆಲ್ಲ ಅವತ್ತಿನಿಂದ ಸರ್ಕಾರದ್ದು. ಅದನ್ನು ಉಳುತ್ತಿರುವ ಗೇಣಿದಾರ ಅರ್ಜಿ ಹಾಕಿದರೆ, ಅವನ ಹೆಸರಿಗೇ ಮಾಡಿಕೊಡುತ್ತಾರೆ. ಒಂದು ಮನೆತನ ಇಷ್ಟಕ್ಕಿಂತ ಹೆಚ್ಚು ಭೂಮಿ ಇಟ್ಟುಕೊಳ್ಳಬಾರದು ಎಂಬ ಮಿತಿಯೂ ಬಂತು.

ಆ ಅರ್ಜಿಯೇ ಏಳನೇ ನಂಬರ್ ಫಾರಂ. ಜನ ಅದನ್ನು "ಡಿಕ್ಲರೇಷನ್ ಹಾಕೋದು" ಅಂತ ಕರೆಯುತ್ತಿದ್ದರು. ಪ್ರತಿ ತಾಲ್ಲೂಕಿಗೂ ಭೂ ನ್ಯಾಯಮಂಡಳಿ ಬಂತು. ಜನರ ಮಾತಿನಲ್ಲಿ ಟ್ರಿಬ್ಯುನಲ್. ಅಸಿಸ್ಟೆಂಟ್ ಕಮಿಷನರ್ ಅದರ ಅಧ್ಯಕ್ಷರು. ಊರ ಕಡೆಯ ಜನರೂ ಸದಸ್ಯರು. ಅದರಲ್ಲಿ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಲೇಬೇಕು. ಆಗ ಅಲ್ಲಿ ವಕೀಲರಿಗೆ ಅವಕಾಶ ಇರಲಿಲ್ಲ. ಬಡವ ತಾನೇ ನಿಂತು ತನ್ನ ಮಾತು ಹೇಳಬಹುದಿತ್ತು. ಗೆದ್ದವರಿಗೆ ಹತ್ತನೇ ನಂಬರ್ ಫಾರಂ ಸಿಗುತ್ತಿತ್ತು. ಅದು ಹಕ್ಕಿನ ಪತ್ರ.

ಅರ್ಜಿ ಹಾಕಲು ಮೊದಲು 1974ರ ಡಿಸೆಂಬರ್ 31 ಕೊನೆಯ ದಿನ ಎಂದಿತ್ತು. ಆಮೇಲೆ ದಿನ ಮುಂದೆ ಹಾಕುತ್ತಾ ಬಂದರು. 1979ರ ಜೂನ್ 30ಕ್ಕೆ ಬಾಗಿಲು ಮುಚ್ಚಿತು.

ಈ ರೀತಿ ಲಕ್ಷಾಂತರ ಒಕ್ಕಲುಗಳಿಗೆ ಭೂಮಿ ಸಿಕ್ಕಿತು. ಕರಾವಳಿಯಲ್ಲಿ, ನಮ್ಮ ಮಲೆನಾಡಿನಲ್ಲಿ ಹೆಚ್ಚು ಸಿಕ್ಕಿತು. ಆದರೆ ಒಂದು ಮಾತು ಗಮನಿಸಿ. ಭೂಮಿ ತಾನಾಗಿ ಮನೆಗೆ ಬರಲಿಲ್ಲ. ಒಂದು ಫಾರಂ ತುಂಬಿಸಿದವರಿಗೆ ಮಾತ್ರ ಬಂತು.

ಎರಡು ಮನೆ, ಎರಡು ಕಾಗದ

ಈಗ ಆ ಇಬ್ಬರ ಮನೆಗೆ ವಾಪಸು ಬರೋಣ.

ಒಲೆ ಹಚ್ಚದ ಮನೆಯ ಕಥೆ ಹೀಗಿದೆ. ಆ ಅಜ್ಜಿ ಆಗ ಹೊಸ ಸೊಸೆ. ಮನೆಯಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ. ಆದರೆ ಕೇರಿಯಲ್ಲಿ ಏಳನೇ ಕ್ಲಾಸು ಓದಿದ ಹುಡುಗ ಇದ್ದ. ಅವನು ಚಾವಡಿ ಗೋಡೆಗೆ ಅಂಟಿಸಿದ ನೋಟಿಸು ಓದಿದ. ರಾತ್ರಿ ಬುಡ್ಡಿದೀಪದ ಬೆಳಕಿನಲ್ಲಿ ಕೇರಿಯವರಿಗೆಲ್ಲ ಫಾರಂ ತುಂಬಿಸಿಕೊಟ್ಟ. ಸರ್ವೆ ನಂಬರ್ ಯಾವುದು, ಎಷ್ಟು ಗುಂಟೆ, ಒಡೆಯರ ಹೆಸರೇನು, ಎಷ್ಟು ವರ್ಷದ ಗೇಣಿ, ಎಲ್ಲ ಬರೆದ. ಮಾವನವರು ಹೆದರಿಕೊಂಡೇ ತಾಲ್ಲೂಕು ಕಚೇರಿಗೆ ಹೋಗಿ ಕೊಟ್ಟರು. ಮೂರು ವರ್ಷದ ಮೇಲೆ ಒಂದು ಎಕರೆ 20 ಗುಂಟೆ ಅವರ ಹೆಸರಿಗಾಯಿತು. ಅಜ್ಜಿ ಹೇಳಿದ ಮಾತು: "ಆ ವರ್ಷ ಕಣದಿಂದ ಭತ್ತ ಪೂರಾ ನಮ್ಮನೆಗೇ ಬಂತು. ಎಲ್ಲಿ ಇಡೋದು ಅಂತಾನೇ ಗೊತ್ತಾಗಲಿಲ್ಲ."

ಎರಡನೆಯ ಮನೆಗೆ ಒಡೆಯರ ಕಡೆಯವರು ಮೊದಲೇ ಬಂದರು. "ಸರ್ಕಾರದೋರು ಗದ್ದೆ ಕಿತ್ಕೊಳ್ತಾರೆ. ಈ ಕಾಗದಕ್ಕೆ ಹೆಬ್ಬೆಟ್ಟು ಒತ್ತು. ನಿನ್ನ ಗದ್ದೆ ನಿನಗೇ ಇರುತ್ತೆ" ಅಂದರು. ಒಡೆಯರ ಮಾತು ತೆಗೆದುಹಾಕುವುದು ಹೇಗೆ? ಮಾವನವರು ಒತ್ತಿದರು. ಆ ಕಾಗದದಲ್ಲಿ ಬರೆದಿದ್ದು ಬೇರೆ. "ನಾನು ಗೇಣಿದಾರನಲ್ಲ, ಕೂಲಿ ಆಳು" ಅಂತ ಬರೆದಿತ್ತು. ಅವರು ಅರ್ಜಿಯನ್ನೇ ಹಾಕಲಿಲ್ಲ. 1979 ಕಳೆಯಿತು. ಮಾರನೇ ವರ್ಷ ಗದ್ದೆ ಬಿಡಿ ಅಂದರು. ಬಿಟ್ಟರು. ಅಕ್ಕ ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. "ಕಾಗದ ನಮ್ಮ ಮುಂದೇನೇ ಇತ್ತು ಟೀಚರ್. ಓದೋಕೆ ಬರ್ಲಿಲ್ಲ ಅಷ್ಟೇ."

ಅರಸು ಕೊಟ್ಟ ಕಾನೂನು ಇಬ್ಬರಿಗೂ ಒಂದೇ. ವ್ಯತ್ಯಾಸ ಮಾಡಿದ್ದು ಒಂದು ಹೆದರಿಕೆ. ಇನ್ನೊಂದು ಅಕ್ಷರ.

ಮೂರನೆಯ ಕಥೆ ನನ್ನ ಮನೆಯದು. ಅದನ್ನೂ ಮುಚ್ಚಿಡಬಾರದು. ನನ್ನ ಅಜ್ಜಿಗೆ ಚಿಕ್ಕ ವಯಸ್ಸಿನಲ್ಲೇ ಗಂಡ ಹೋದರು. ಎರಡು ಮಕ್ಕಳು. ಉಳಲು ಗಂಡಾಳು ಇರಲಿಲ್ಲ. ಇದ್ದ ಎರಡು ಎಕರೆಯನ್ನು ಗೇಣಿಗೆ ಕೊಟ್ಟಿದ್ದರು. ಆ ಕಾನೂನಿನಲ್ಲಿ ಸೈನಿಕರಿಗೆ, ಹಡಗಿನ ಕೆಲಸದವರಿಗೆ ವಿನಾಯಿತಿ ಇತ್ತು. ವಿಧವೆಯರಿಗೆ ಇರಲಿಲ್ಲ. ಗದ್ದೆ ಹೋಯಿತು. ಅಜ್ಜಿ ಸಾಯುವವರೆಗೂ ಅರಸು ಹೆಸರು ಕೇಳಿದರೆ ಮುಖ ತಿರುಗಿಸುತ್ತಿದ್ದರು. ಗದ್ದೆ ಪಡೆದ ಒಕ್ಕಲಿನ ಮನೆಯವರು ಅರಸು ಫೋಟೋ ಗೋಡೆಗೆ ಹಾಕಿದರು. ಇಬ್ಬರದೂ ಸುಳ್ಳಲ್ಲ. ಬಹಳ ಜನಕ್ಕೆ ಒಳ್ಳೆಯದು ಮಾಡಿದ ಕಾನೂನು ಕೆಲವರಿಗೆ ನೋವು ಕೊಟ್ಟಿತು. ನಾಯಕರ ಬಗ್ಗೆ ಮಾತಾಡುವಾಗ ಎರಡನ್ನೂ ಹೇಳಬೇಕು.

ನಾಯಕರೂ ಮನುಷ್ಯರೇ

ಇನ್ನೊಂದು ಮಾತನ್ನೂ ಹೇಳಬೇಕು. 1975ರಿಂದ 1977ರವರೆಗೆ ದೇಶದಲ್ಲಿ ತುರ್ತು ಪರಿಸ್ಥಿತಿ ಇತ್ತು. ಸರ್ಕಾರದ ವಿರುದ್ಧ ಮಾತಾಡಿದವರನ್ನು ವಿಚಾರಣೆ ಇಲ್ಲದೆ ಜೈಲಿಗೆ ಹಾಕಿದರು. ಆಗ ನಮ್ಮ ರಾಜ್ಯದ ಮುಖ್ಯಮಂತ್ರಿ ಅರಸು. "ಸಂಸ್ಕಾರ" ಸಿನಿಮಾದಲ್ಲಿ ನಟಿಸಿದ್ದ ಸ್ನೇಹಲತಾ ರೆಡ್ಡಿ ಎಂಬ ಹೆಣ್ಣುಮಗಳನ್ನು ಬೆಂಗಳೂರು ಜೈಲಿನಲ್ಲಿ ಇಟ್ಟಿದ್ದರು. ಅವರಿಗೆ ಉಬ್ಬಸದ ಕಾಯಿಲೆ. 1977ರ ಜನವರಿಯಲ್ಲಿ ಬಿಟ್ಟರು. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಅರಸು ಸರ್ಕಾರದ ಮೇಲೆ ಭ್ರಷ್ಟಾಚಾರದ ಆರೋಪಗಳೂ ಬಂದವು. ವಿಚಾರಣೆಗೆ ಆಯೋಗವೂ ನೇಮಕವಾಯಿತು.

ಒಬ್ಬರನ್ನು ಗೌರವಿಸುವುದು ಅಂದರೆ ಅವರ ತಪ್ಪನ್ನು ಮುಚ್ಚುವುದು ಅಲ್ಲ. ಅತ್ತೆ ಮನೆಯಲ್ಲಿ ಹಿರಿಯರ ತಪ್ಪು ಹೇಳಬಾರದು ಅಂತ ನಮ್ಮನ್ನು ಬೆಳೆಸಿದ್ದಾರೆ. ಆದರೆ ಓಟು ಹಾಕುವವರು ಕೇಳಬೇಕು. ಕೇಳುವುದು ನಮ್ಮ ಹಕ್ಕು.

1979ರಲ್ಲಿ ಅರಸು ಅವರಿಗೂ ಇಂದಿರಾ ಗಾಂಧಿ ಅವರಿಗೂ ಮನಸ್ತಾಪ ಬಂತು. ಬೇರೆ ಆದರು. 1980ರ ಲೋಕಸಭೆ ಚುನಾವಣೆಯಲ್ಲಿ ಅರಸು ಪಕ್ಷ ಸೋತಿತು. ಮುಖ್ಯಮಂತ್ರಿ ಸ್ಥಾನ ಹೋಯಿತು. ಜೊತೆಗಿದ್ದ ಬಹಳ ಜನ ಬಿಟ್ಟು ಹೋದರು. 1982ರಲ್ಲಿ ತೀರಿಕೊಂಡಾಗ ಅವರಿಗೆ 66 ವರ್ಷ. ಆಗ ಅವರ ಕೈಯಲ್ಲಿ ಅಧಿಕಾರ ಇರಲಿಲ್ಲ. ಅಧಿಕಾರ ಇಲ್ಲದ ಮನುಷ್ಯ ಸತ್ತಾಗ ನಮ್ಮೂರಿನ ಒಂದು ಮನೆಯಲ್ಲಿ ಒಲೆ ಹಚ್ಚಲಿಲ್ಲ. ಅದನ್ನು ಯಾರೂ ಹೇಳಿ ಮಾಡಿಸಿದ್ದಲ್ಲ.

ನಾಟಿ ಮಾಡಿದವಳಿಗೆ ಏನು?

ಹೋದ ವಾರ ಈ ಮಾತೆಲ್ಲ ನಡೆಯುವಾಗ ಹಿಂದಿನ ಸಾಲಿನಿಂದ ಒಬ್ಬ ತಂಗಿ ಕೇಳಿದಳು. "ಉಳುವವನೇ ಹೊಲದೊಡೆಯ ಅಂದ್ರು. ಸರಿ. ನಾಟಿ ಮಾಡಿದವಳು, ಕಳೆ ಕಿತ್ತವಳು ಏನು?"

ಅಕ್ಕಂದಿರೇ, ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಏಳನೇ ನಂಬರ್ ಫಾರಂ ಹಾಕಿದವರು ಹೆಚ್ಚಾಗಿ ಮನೆಯ ಯಜಮಾನರು. ಹತ್ತನೇ ನಂಬರ್ ಫಾರಂ ಬಂದದ್ದೂ ಅವರ ಹೆಸರಿಗೇ. ಗದ್ದೆಯಲ್ಲಿ ಬೆನ್ನು ಬಗ್ಗಿಸಿದ ಹೆಂಗಸರ ಹೆಸರು ಕಾಗದದಲ್ಲಿ ಬರಲಿಲ್ಲ.

ಆ ತಂಗಿ ಸುಮ್ಮನೆ ಕೇಳಿದ್ದಲ್ಲ. ಅವಳ ಮನೆಯ ಭೂಮಿಯೂ ಅರಸು ಕಾಲದಲ್ಲಿ ಬಂದದ್ದು. ಪಹಣಿಯಲ್ಲಿ ಇವತ್ತಿಗೂ ತೀರಿಕೊಂಡ ಮಾವನ ಹೆಸರೇ ಇದೆ. ಅವಳ ಗಂಡ ಹೋಗಿ ಮೂರು ವರ್ಷ. ಮೈದುನರು ಒಂದು ಕಾಗದ ತಂದರು. "ಖಾತೆ ಬದಲಾಯಿಸೋಕೆ ಬೇಕು, ಸಹಿ ಹಾಕು ಅತ್ತಿಗೆ" ಅಂದರು. ಮೊದಲಾಗಿದ್ದರೆ ಹೆಬ್ಬೆಟ್ಟು ಒತ್ತುತ್ತಿದ್ದಳು. ಈ ಸಲ "ಓದಿ ಹಾಕ್ತೀನಿ" ಅಂದಳು. ರಾತ್ರಿ ಬಲ್ಬಿನ ಕೆಳಗೆ ಕೂತು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: "ಹಕ್ಕು ಬಿಡುಗಡೆ ಪತ್ರ". ಬೆಳಿಗ್ಗೆ ನನ್ನ ಹತ್ತಿರ ಓಡಿ ಬಂದಳು. ಇಬ್ಬರೂ ಮತ್ತೆ ಓದಿದೆವು. ಭೂಮಿಯಲ್ಲಿ ತನ್ನ ಪಾಲು ಬಿಟ್ಟುಕೊಟ್ಟಿದ್ದೇನೆ ಅಂತ ಅದರಲ್ಲಿ ಇತ್ತು.

ಅವಳು ಸಹಿ ಹಾಕಲಿಲ್ಲ. ಪೌತಿ ಖಾತೆಗೆ ತಾನೇ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಿದ್ದಾಳೆ. ಕೆಲಸ ಇನ್ನೂ ಮುಗಿದಿಲ್ಲ. ಮೈದುನರು ಮಾತು ಬಿಟ್ಟಿದ್ದಾರೆ. ಅದು ಅವಳಿಗೆ ಸಂಕಟ. ಆದರೆ ನಲವತ್ತೈದು ವರ್ಷದ ಹಿಂದೆ ಎರಡನೆಯ ಮನೆಯಲ್ಲಿ ಆದದ್ದು ಅವಳ ಮನೆಯಲ್ಲಿ ಆಗಲಿಲ್ಲ.

ಕಾನೂನು ಈಗ ನಮ್ಮ ಕಡೆಗೂ ಸ್ವಲ್ಪ ಬಂದಿದೆ. ಹಿಂದೂ ಕುಟುಂಬದಲ್ಲಿ ಗಂಡ ಸತ್ತರೆ ಅವನ ಪಾಲಿನಲ್ಲಿ ಮಕ್ಕಳಂತೆ ಹೆಂಡತಿಗೂ ಹಕ್ಕಿದೆ. ಇದು 1956ರ ಕಾನೂನು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಅಂತ ಕರ್ನಾಟಕ 1994ರಲ್ಲಿ ಹೇಳಿತು. ಅವತ್ತು ಮದುವೆಯಾದ ಹೆಣ್ಣುಮಕ್ಕಳನ್ನು ಬಿಟ್ಟಿದ್ದರು. 2005ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು. ಮದುವೆಯಾದ ಮಗಳಿಗೂ ಹಕ್ಕು ಸಿಕ್ಕಿತು. ತಕರಾರು ಇದ್ದರೆ ಹೆಂಗಸರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಕೀಲರ ಸಹಾಯ ಉಚಿತ. ಕೋರ್ಟಿನ ಆವರಣದಲ್ಲೇ ಕೇಳಿದರೆ ಹೇಳುತ್ತಾರೆ.

ಇನ್ನೊಂದು ಬದಲಾವಣೆಯೂ ಆಗಿದೆ. ಬೇಸಾಯ ಮಾಡದವರು ಬೇಸಾಯದ ಭೂಮಿ ಕೊಳ್ಳಬಾರದು ಅಂತ ಹಳೆಯ ಕಾನೂನಿನಲ್ಲಿ ಇತ್ತು. 2020ರಲ್ಲಿ ಆ ಕಲಂಗಳನ್ನು ತೆಗೆದರು. ಈಗ ಬೇಸಾಯ ಮಾಡದವರೂ ಕೊಳ್ಳಬಹುದು. ಒಳ್ಳೆಯ ಬೆಲೆ ಸಿಗುತ್ತದೆ ಅಂತ ಕೆಲವರು ಹೇಳುತ್ತಾರೆ. ಸಣ್ಣ ರೈತರ ಕೈಯಿಂದ ಭೂಮಿ ಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ನೀವು ಯೋಚಿಸಿ. ಆದರೆ ದಲ್ಲಾಳಿ ಮುಂಗಡದ ಕಾಗದ ಹಿಡಿದು ಮನೆಗೆ ಬಂದ ದಿನ ಒಳಗಿನ ಕೋಣೆಯಲ್ಲಿ ಕೂರಬೇಡಿ. ಜಗಲಿಗೆ ಬನ್ನಿ. "ಏನು ಬರೆದಿದೆ, ಕೊಡಿ ಓದ್ತೀನಿ" ಅನ್ನಿ.

ಪಹಣಿ ಓದೋಣ

ಈಗ ನನ್ನ ಕೈಯಲ್ಲಿ ಒಂದು ಪಹಣಿ ಇದೆ. ನಾಡಕಚೇರಿಯಲ್ಲಿ ಸಣ್ಣ ಶುಲ್ಕ ಕೊಟ್ಟರೆ ಸಿಗುತ್ತದೆ. ಅಕ್ಷರ ಚಿಕ್ಕದು. ಹೆದರಬೇಡಿ. ಮೊದಲು ಮೂರು ಕಡೆ ನೋಡಿ.

ಮೇಲೆ ಸರ್ವೆ ನಂಬರ್ ಇರುತ್ತದೆ. ಅದು ನಿಮ್ಮ ಗದ್ದೆಯ ಗುರುತು.

9ನೇ ಕಾಲಂ ನೋಡಿ. ಭೂಮಿ ಯಾರ ಹೆಸರಿನಲ್ಲಿದೆ ಅಂತ ಅಲ್ಲಿರುತ್ತದೆ. ಸತ್ತವರ ಹೆಸರು ಇದ್ದರೆ ಪೌತಿ ಖಾತೆ ಆಗಿಲ್ಲ ಅಂತ ತಿಳಿಯಿರಿ. ನಿಮ್ಮ ಹೆಸರು ಇದೆಯಾ ನೋಡಿ.

11ನೇ ಕಾಲಂ ನೋಡಿ. ಭೂಮಿಯ ಮೇಲೆ ಸಾಲ ಇದೆಯಾ, ಬೇರೆಯವರ ಹಕ್ಕು ಇದೆಯಾ ಅಂತ ಅಲ್ಲಿ ಬರೆದಿರುತ್ತಾರೆ. ನಿಮಗೆ ಗೊತ್ತಿಲ್ಲದ ಸಾಲ ಅಲ್ಲಿ ಕಾಣಬಹುದು.

ಮುಂದಿನ ವಾರ ಎಲ್ಲರೂ ನಿಮ್ಮ ಮನೆಯ ಪಹಣಿ ತನ್ನಿ. ಭೂಮಿ ಇಲ್ಲದವರು ಮನೆ ಜಾಗದ ಹಕ್ಕುಪತ್ರ ತನ್ನಿ. ಅದೂ ಇಲ್ಲದಿದ್ದರೆ ರೇಷನ್ ಕಾರ್ಡು ತನ್ನಿ. ಅದರಲ್ಲೂ ನಮ್ಮ ಹೆಸರು, ನಮ್ಮ ಹಕ್ಕು ಇದೆ. ಎಲ್ಲರೂ ಕೂತು ಓದೋಣ.

ಅರಸು ತೀರಿಕೊಂಡು ನಲವತ್ತು ವರ್ಷದ ಮೇಲಾಯಿತು. ಪ್ರತಿ ಆಗಸ್ಟ್ 20ರಂದು ಅವರ ಜಯಂತಿ ಮಾಡುತ್ತಾರೆ. ಫೋಟೋಕ್ಕೆ ಹಾರ ಹಾಕುತ್ತಾರೆ. ಹಾರ ಹಾಕಲಿ, ಬೇಡ ಅನ್ನುವುದಿಲ್ಲ. ಆದರೆ ಅವರ ಕಾಲದ ಕಾನೂನಿನಿಂದ ಬಂದ ಒಂದು ಎಕರೆ 20 ಗುಂಟೆ ಇವತ್ತೂ ಆ ಅಜ್ಜಿಯ ಮನೆಯಲ್ಲಿ ಉಳಿದಿದೆಯಲ್ಲ, ಅದನ್ನು ಉಳಿಸಿಕೊಳ್ಳುವ ಕೆಲಸ ನಮ್ಮದು. ಅದಕ್ಕೆ ಅಕ್ಷರ ಬೇಕು, ಸ್ವಲ್ಪ ಧೈರ್ಯವೂ ಬೇಕು.

ಎರಡನೆಯ ಮನೆಯ ಅಕ್ಕ ಈಗ ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಅರವತ್ತು ದಾಟಿದ ಮೇಲೆ ಸ್ಲೇಟು ಹಿಡಿದವರು. ಯಾಕೆ ಬಂದ್ರಿ ಅಂತ ಮೊದಲ ದಿನ ಕೇಳಿದ್ದೆ. "ಹೋದ ಗದ್ದೆ ಬರಲ್ಲ ಟೀಚರ್. ಮೊಮ್ಮಗಳಿಗೆ ಮುಂದೆ ಯಾರಾದ್ರೂ ಕಾಗದ ತಂದ್ರೆ, ನಾನು ಪಕ್ಕದಲ್ಲಿ ಕೂತು ನೋಡ್ಬೇಕು" ಅಂದಿದ್ದರು.

 ಮಳೆ ಜೋರಾಗುವ ಮುಂಚೆ ಮನೆ ಸೇರಿ.

ಮಾತಾಡೋಣ

1. ನಿಮ್ಮ ಮನೆಯ ಭೂಮಿ ಹೇಗೆ ಬಂತು? ಹಿರಿಯರನ್ನು ಕೇಳಿ ನಾಲ್ಕು ಸಾಲು ಬರೆಯಿರಿ.

2. ಒಂದೇ ಕಾನೂನಿನಿಂದ ಒಂದು ಮನೆಗೆ ಭೂಮಿ ಬಂತು, ಇನ್ನೊಂದು ಮನೆಗೆ ಬರಲಿಲ್ಲ. ಯಾಕೆ?

3. ಟೀಚರ್ ಅವರ ಅಜ್ಜಿಯ ಸಿಟ್ಟು ಸರಿಯೇ? ನಿಮಗೆ ಏನನ್ನಿಸುತ್ತದೆ?

4. ನಿಮ್ಮ ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರು ಇದೆ? ನೋಡಿ ಬರೆಯಿರಿ.